ಒಂದೇ ಕಣ್ಣಿಗೆ ಇಳಿದ ಪರದೆ

ಆ ದಿನ ಕಿರಿ ಮೇಸ್ತ್ರಿ ಯಾರದೋ ಮನೆಯ ಮುಂಬಾಗಿಲಿಗೆ ಎರಡನೆಯ ಸಲ ಬಣ್ಣ ಹಚ್ಚುತ್ತಿದ್ದ. ಬಾಗಿಲಿನ ಬಣ್ಣವನ್ನು ನಡುವೆ ನಿಲ್ಲಿಸಿದರೆ ಗುರುತು ಉಳಿಯುತ್ತದೆ. ಆದ್ದರಿಂದ ಜೇಬಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದರೂ ಅವನು ಕೈ ನಿಲ್ಲಿಸಲಿಲ್ಲ. ಕಡೆಗೆ ಬೇಸತ್ತು ಎರಡು ಬೆರಳಿನಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡ. ಆ ಕಡೆ, ಅಣ್ಣ ಬಣ್ಣ ಹಚ್ಚುತ್ತಿದ್ದ ಶಾಲೆಯ ಕಾವಲುಗಾರ.

"ಮೇಸ್ತ್ರಿ, ನಿಮ್ಮಣ್ಣ ಬಿದ್ಬಿಟ್ರು! ಬೇಗ ಬನ್ನಿ!"

ಬಣ್ಣದ ಕೆಲಸದವರಿಗೆ ಬಿದ್ದರು ಎಂದರೆ ಏಣಿಯಿಂದ ಬಿದ್ದರು ಎಂದೇ ಅರ್ಥ. ಕಿರಿ ಮೇಸ್ತ್ರಿ ಬ್ರಷ್ಷನ್ನು ಅಲ್ಲೇ ಬಿಸುಟು ಓಡಿದ. ಓಡುತ್ತ ಓಡುತ್ತ ಏಣಿಯನ್ನೇ ಬೈದ. ಆದರೆ ಶಾಲೆಯ ಮೆಟ್ಟಿಲ ಬಳಿ ಬಂದು ನೋಡಿದರೆ ಏಣಿ ಮಡಿಸಿಕೊಂಡು ಗೋಡೆಗೆ ಒರಗಿ ನಿಂತಿತ್ತು. ಅಣ್ಣ ಏಣಿ ಹತ್ತಿಯೇ ಇರಲಿಲ್ಲ. ಮಗುಚಿದ ಬಕೆಟ್ಟಿನ ಮೇಲೆ ಕುಳಿತು ಬಣ್ಣ ಕಲಸುತ್ತಿದ್ದವನು ಹಾಗೆಯೇ ಪಕ್ಕಕ್ಕೆ ವಾಲಿದ್ದ. ಕಲಸುವ ಕೋಲು ಇನ್ನೂ ಡಬ್ಬದಲ್ಲಿ ನೆಟ್ಟಗೆ ನಿಂತಿತ್ತು.

ಆಸ್ಪತ್ರೆ ಮುಟ್ಟಿದ ಮೇಲೂ ಅಣ್ಣ ಕಣ್ಣು ತೆರೆಯಲಿಲ್ಲ. ಸಂಜೆ ವೈದ್ಯರು ಹೊರಗೆ ಬಂದು ತಲೆ ತಗ್ಗಿಸಿ ನಿಂತರು. ಅಣ್ಣ ಉಳಿಯಲಿಲ್ಲವೆಂದು ಅವರು ಹೇಳುವ ಮೊದಲೇ ಅತ್ತಿಗೆಗೆ ತಿಳಿದುಹೋಯಿತು.

"ಕತ್ತಿನ ರಕ್ತನಾಳದ ಒಳಗೋಡೆಯಿಂದ ಒಂದು ಚೂರು ಕಳಚಿ ಮಿದುಳಿಗೆ ಹೋಗಿದೆ. ಪಾರ್ಶ್ವವಾಯು ಹೊಡೆದದ್ದು ಹಾಗೆ" ಎಂದರು ವೈದ್ಯರು. "ಮುಂಚೆ ಏನಾದರೂ ಸೂಚನೆ ಇತ್ತೇ? ಕೈ ಸೋತದ್ದು, ಮಾತು ತೊದಲಿದ್ದು, ಕಣ್ಣು ಮಂಜಾದದ್ದು?"

"ಏನೂ ಇರಲಿಲ್ಲ ಸ್ವಾಮಿ. ಗುಂಡುಕಲ್ಲಿನ ಹಾಗಿದ್ದ" ಎಂದರು ಎಲ್ಲರೂ. ಯಾರೂ ಸುಳ್ಳು ಹೇಳಲಿಲ್ಲ. ಹಿಂದಿನ ವಾರ ಚಹಾ ಕುಡಿಯುವಾಗ ಅಣ್ಣ, "ಎಡಗಣ್ಣಿಗೆ ಯಾರೋ ಪರದೆ ಇಳಿಸಿದ ಹಾಗಾಯ್ತು ಕಣ್ರೋ, ಆಮೇಲೆ ತಾನೇ ಎದ್ದುಹೋಯ್ತು" ಎಂದಿದ್ದ. ಕೆಲಸದವರೆಲ್ಲ, "ತಿನ್ನರ್ ಗಾಳಿ ಮೇಸ್ತ್ರಿ, ಮುಖ ತೊಳ್ಕೊಳ್ಳಿ" ಎಂದಿದ್ದರು. ಬಣ್ಣ ತೆಳುವಾಗಿಸುವ ಆ ಘಾಟಿನ ಎಣ್ಣೆಯ ಮೇಲೆ ತಲೆನೋವು, ಕೆಮ್ಮು, ಹೆಂಡತಿಯ ಮೇಲಿನ ಸಿಟ್ಟು, ಎಲ್ಲವನ್ನೂ ಹೊರಿಸುವುದು ಅವರ ಕಸುಬಿನ ವಾಡಿಕೆ. ಅಣ್ಣ ಮುಖ ತೊಳೆದುಕೊಂಡ. ಮಾತು ಅಲ್ಲಿಗೇ ಮುಗಿದಿತ್ತು. ಅದನ್ನು ಸೂಚನೆ ಎಂದು ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಕೆಲವು ವಾರ ಕಳೆದವು. ಶಾಲೆಯ ಮೆಟ್ಟಿಲ ಗೋಡೆ ಅರ್ಧಕ್ಕೇ ನಿಂತಿತ್ತು. ಮುಖ್ಯ ಶಿಕ್ಷಕಿ ಅವಸರ ಮಾಡಲಿಲ್ಲ. ಆದರೂ ಒಂದು ದಿನ ಕಿರಿ ಮೇಸ್ತ್ರಿ ತಾನಾಗಿಯೇ ಬ್ರಷ್ಷು, ಬಕೆಟ್ಟು ಹೊತ್ತು ಬಂದ. ಕೆಳಗೆ ಗಾಢ ಹಸಿರು, ಮೇಲೆ ಕೆನೆಬಣ್ಣ, ನಡುವೆ ಒಂದು ಗೆರೆ. ಕೆನೆಬಣ್ಣ ಎರಡನೆಯ ತಿರುವಿನಲ್ಲಿ ನಿಂತುಹೋಗಿತ್ತು. ಅಣ್ಣನ ಬ್ರಷ್ಷಿನ ಕೊನೆಯ ಎಳೆಗಳು ಒಣಗಿ, ಬೆರಳು ಚಾಚಿದ ಹಾಗೆ ಕಾಣುತ್ತಿದ್ದವು. ಕಿರಿ ಮೇಸ್ತ್ರಿ ಅದರ ಹತ್ತಿರ ಹೋಗಲಾರದೆ ಕೆಳಗಿನಿಂದ ಗೆರೆ ಎಳೆಯಲು ಶುರುಮಾಡಿದ.

ಹತ್ತು ಗಂಟೆಯ ಹೊತ್ತಿಗೆ ಅವನ ಬಲಗಣ್ಣಿನ ಮೇಲಿನಿಂದ ಬೂದುಬಣ್ಣದ ಪರದೆಯೊಂದು ಮೆಲ್ಲಗೆ ಇಳಿಯಿತು. ನೋವಿಲ್ಲ, ಉರಿಯಿಲ್ಲ. ಅಂಗಡಿಯ ಬಾಗಿಲು ಎಳೆದ ಹಾಗೆ, ಅಷ್ಟೆ. ಅವನು ಎಡಗಣ್ಣಿನಲ್ಲೇ ಒಂದು ಗೇಣು ಗೆರೆ ಎಳೆದ. ಆಮೇಲೆ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡ. ತುಸು ಹೊತ್ತಿನಲ್ಲಿ ಪರದೆ ಎದ್ದಿತು. "ಹಾಳಾದ ತಿನ್ನರ್" ಎಂದು ಗೊಣಗಿ ಮತ್ತೆ ಬ್ರಷ್ಷು ಹಿಡಿದ.

ಮಧ್ಯಾಹ್ನ ಅಣ್ಣನ ಮಗಳು ಬಂದಳು. ಮನೆಯಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಅಪ್ಪ ಕೊನೆಯದಾಗಿ ಮುಟ್ಟಿದ ಗೋಡೆಯನ್ನು ನೋಡಬೇಕೆಂದು ರಜೆ ಹಾಕಿ ಬಂದಿದ್ದಳು. ಜೊತೆಗೆ ಚಿಕ್ಕಮ್ಮ, ಅಂದರೆ ಕಿರಿ ಮೇಸ್ತ್ರಿಯ ಹೆಂಡತಿ, ಊಟದ ಡಬ್ಬಿ ಹಿಡಿದು ಬಂದಿದ್ದಳು.

ಗುಬ್ಬಿ ಬಹಳ ಹೊತ್ತು ಆ ಒಣಗಿದ ಎಳೆಗಳನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು. ಇಳಿಯುತ್ತ ಇಳಿಯುತ್ತ ಅವಳ ದೃಷ್ಟಿ ಚಿಕ್ಕಪ್ಪ ಬೆಳಗ್ಗೆ ಎಳೆದ ಗೆರೆಯ ಮೇಲೆ ಹೋಯಿತು. ಬಣ್ಣದವರ ಮನೆಯ ಹುಡುಗಿ, ಬಿಟ್ಟಾಳೆಯೇ?

"ಚಿಕ್ಕಪ್ಪ, ಇದೇನಿದು? ಗೆರೆ ಇಲ್ಲಿ ಕುಡಿದು ನಡೆದ ಹಾಗಿದೆ!"

"ಎಲ್ಲಿ?"

"ಇಲ್ಲಿ, ಈ ಒಂದು ಗೇಣು. ಟೇಪು ಅಂಟಿಸಿ ಗೆರೆ ಎಳೆಯೋರನ್ನ ಆಡ್ಕೊಂಡು ನಗ್ತೀರಲ್ಲ ನೀವು!"

ಚಿಕ್ಕಮ್ಮ ನಕ್ಕಳು. "ವಯಸ್ಸಾಯ್ತು ಕಣಮ್ಮ ನಿಮ್ಮ ಚಿಕ್ಕಪ್ಪನಿಗೆ. ಕೇಳಿದ್ರೆ ಒಪ್ಕೊಳ್ಳಲ್ಲ."

"ವಯಸ್ಸೂ ಇಲ್ಲ, ಮಣ್ಣೂ ಇಲ್ಲ" ಎಂದ ಕಿರಿ ಮೇಸ್ತ್ರಿ ರೇಗಿ. "ಅದನ್ನ ಒಂದೇ ಕಣ್ಣಲ್ಲಿ ಎಳ್ದೆ. ಬಲಗಣ್ಣಿಗೆ ಸ್ವಲ್ಪ ಹೊತ್ತು ಪರದೆ ಇಳೀತು. ಮುಖ ತೊಳ್ಕೊಂಡೆ, ಸರಿಹೋಯ್ತು. ತಿನ್ನರ್ ಗಾಳಿ."

ಗುಬ್ಬಿಯ ಮುಖದ ನಗು ಆರಿಹೋಯಿತು. ಅವಳು ನೆಲದ ಮೇಲಿನ ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಬಕೆಟ್ಟಿನೊಳಗೆ ಇಣುಕಿದಳು. ಮೂಸಿದಳು.

"ತಿನ್ನರ್ ಎಲ್ಲಿದೆ ಚಿಕ್ಕಪ್ಪ?"

"ಇಲ್ಲೇ ಎಲ್ಲೋ..." ಎಂದು ಅವನು ಸುತ್ತ ನೋಡಿದ.

"ತೋರಿಸಿ. ಒಂದು ತೊಟ್ಟು ತೋರಿಸಿ. ಮಕ್ಕಳಿಗೆ ವಾಸನೆ ಆಗಬಾರದು ಅಂತ ಹೆಡ್ ಮೇಡಂ ಮೊದಲೇ ಹೇಳಿದ್ರಲ್ಲ? ಈ ಶಾಲೆಗೆ ಬಂದಿರೋದೆಲ್ಲ ನೀರು ಬೆರೆಸಿ ಹಚ್ಚೋ ಬಣ್ಣ. ಈ ಮೆಟ್ಟಿಲ ಹತ್ರ ತಿನ್ನರ್ ಯಾವತ್ತೂ ಬಂದೇ ಇಲ್ಲ!"

ಕಿರಿ ಮೇಸ್ತ್ರಿ ಬಕೆಟ್ಟಿನ ನೀರನ್ನು ನೋಡಿದ. ಬೆಳಗಿನಿಂದ ಬ್ರಷ್ಷನ್ನು ನಲ್ಲಿ ನೀರಿನಲ್ಲಿ ತೊಳೆದವನು ಅವನೇ. ಅಣ್ಣನೂ ಕೆಲಸ ಮಾಡಿದ್ದು ಇದೇ ಗೋಡೆಗೆ, ಇದೇ ಬಣ್ಣದಲ್ಲಿ. ಅಣ್ಣ ಪರದೆಯ ಮಾತು ಆಡಿದ್ದೂ ಇಲ್ಲೇ, ಈ ಮೆಟ್ಟಿಲ ಮೇಲೆ. ಇಷ್ಟು ಜನ ಇಷ್ಟು ದಿನ ಇಲ್ಲದ ಎಣ್ಣೆಯ ಮೇಲೆ ತಪ್ಪು ಹೊರಿಸಿದ್ದರು!

"ತಿನ್ನರ್ ಗಾಳಿ ಹೊಡೆದ್ರೆ ಎರಡು ಕಣ್ಣೂ ಉರೀಬೇಕು, ನೀರು ಸುರೀಬೇಕು. ನೋವೇ ಇಲ್ಲದೆ ಒಂದೇ ಕಣ್ಣು ಕತ್ತಲಾಗಿ ಮತ್ತೆ ಬೆಳಕಾದ್ರೆ ಆ ಕಣ್ಣಿಗೆ ಹೋಗೋ ರಕ್ತಕ್ಕೆ ಏನೋ ಅಡ್ಡ ಬಂದಿದೆ ಅಂತ. ಅಪ್ಪನ ಕಣ್ಣಿಗೂ ಹೀಗೇ ಆಗಿತ್ತಾ?"

ಚಿಕ್ಕಪ್ಪ ಹೌದೆಂದು ತಲೆ ಆಡಿಸಿದ. ಗುಬ್ಬಿ ಅವನ ಕೈ ಹಿಡಿದಳು. "ನಡೀರಿ. ಈಗಲೇ ಆಸ್ಪತ್ರೆಗೆ ಹೋಗೋಣ."

"ಈಗ ಯಾಕೆ? ಈಗ ಗಾಜಿನ ಹಾಗೆ ಸ್ವಚ್ಛ ಕಾಣ್ತಿದೆ. ನಿನ್ನ ಮೂಗಿನ ಮೇಲಿನ ಮಚ್ಚೆ ಕೂಡ ಕಾಣ್ತಿದೆ. ಈ ಗೋಡೆ ಮುಗಿಸ್ತೀನಿ, ನಾಳೆ ನೋಡೋಣ."

"ಪಕ್ಕದ ಮನೆಯವರ ಹತ್ರ ರಕ್ತ ತೆಳುವಾಗೋ ಮಾತ್ರೆ ಇದೆ. ಈಗಿಂದೀಗ್ಲೇ ಒಂದು ಇಸ್ಕೊಂಡು ಬರ್ಲಾ?" ಎಂದಳು ಚಿಕ್ಕಮ್ಮ ಗಾಬರಿಯಿಂದ.

"ಬೇಡ ಚಿಕ್ಕಮ್ಮ! ಇಂಥದು ಕೆಲವರಿಗೆ ರಕ್ತ ಕಟ್ಟಿ ಆಗುತ್ತೆ, ಕೆಲವರಿಗೆ ರಕ್ತ ಸೋರಿ ಆಗುತ್ತೆ. ಸೋರಿದವರಿಗೆ ಆ ಮಾತ್ರೆ ಕೊಟ್ರೆ ಇನ್ನೂ ಕೆಡುಕು. ಯಾವುದು ಅಂತ ತಲೆಯ ಚಿತ್ರ ತೆಗೆದು ವೈದ್ಯರೇ ಹೇಳಬೇಕು."

ಕಿರಿ ಮೇಸ್ತ್ರಿ ಹಟಮಾರಿ. ಮೆಟ್ಟಿಲ ಮೇಲೆ ಕುಳಿತೇಬಿಟ್ಟ. "ನೋಡು ಗುಬ್ಬಿ, ನನಗೂ ತಲೆ ಇದೆ. ರಕ್ತನಾಳ ಅಂದ್ರೆ ಕೊಳವೆ ಇದ್ದ ಹಾಗೆ. ಕಟ್ಟಿಕೊಂಡಿದ್ರೆ ಕಟ್ಟಿಕೊಂಡೇ ಇರಬೇಕು. ತೆರೆದುಕೊಂಡ ಮೇಲೆ ಇನ್ನೇನು ಭಯ?"

ಗುಬ್ಬಿ ಸುತ್ತ ನೋಡಿದಳು. ಮೆಟ್ಟಿಲ ಕೆಳಗೆ, ನಲ್ಲಿಯ ಪಕ್ಕದ ಗೋಡೆಯಲ್ಲಿ ಹಳೆಯ ಬಣ್ಣ ಗುಳ್ಳೆ ಎದ್ದಿತ್ತು. ಅವಳು ಅದನ್ನು ತೋರಿಸಿದಳು.

"ಅದೇನು ಚಿಕ್ಕಪ್ಪ?"

"ಒಳಗೆ ತೇವ. ಮೇಲೆ ಬರೀ ಬಣ್ಣದ ಪೊರೆ ನಿಂತಿದೆ. ಬೆರಳು ತಾಗಿದ್ರೆ ಬೀಳುತ್ತೆ."

"ಮತ್ತೆ ಆ ಮೂಲೇಲಿ ಗಾರೆ ಅಷ್ಟು ದಪ್ಪ ಉಬ್ಬಿದೆಯಲ್ಲ, ಅದು ಬೀಳಲ್ವಾ?"

"ಅದು ಒಣಗಿ ಕಲ್ಲಾಗಿದೆ. ನೂರು ವರ್ಷ ಅಲ್ಲಾಡಲ್ಲ. ಗೋಡೆಯ ಉಬ್ಬು ನೋಡಿ ಹೆದರಬಾರದು, ಒಳಗಿನ ತೇವ ನೋಡಿ ಹೆದರಬೇಕು."

"ಇದೇ ಮಾತು! ಇದೇ ಮಾತನ್ನ ನಿಮ್ಮ ಕತ್ತಿನ ರಕ್ತನಾಳಕ್ಕೆ ಹೇಳಿ" ಎಂದಳು ಗುಬ್ಬಿ. ಅವಳ ಕಣ್ಣುಗಳು ಮಿಂಚುತ್ತಿದ್ದವು, ಮಾತು ಓಡುತ್ತಿತ್ತು. "ಕತ್ತಿನ ಎರಡು ಕಡೆ ಮಿದುಳಿಗೂ ಕಣ್ಣಿಗೂ ರಕ್ತ ಒಯ್ಯೋ ದೊಡ್ಡ ನಾಳ ಇವೆ. ಅವುಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಸೇರುತ್ತೆ. ಅದನ್ನ ಚೊಕ್ಕಟ ಮಾಡೋಕೆ ಬಿಳಿ ರಕ್ತಕಣಗಳು ಗೋಡೆಯೊಳಗೆ ನುಗ್ತವೆ. ಕೊಬ್ಬು ತಿಂದು ತಿಂದು ಅಲ್ಲೇ ಸಿಕ್ಕಿಹಾಕಿಕೊಳ್ತವೆ. 'ಬನ್ರೋ, ಬನ್ರೋ' ಅಂತ ಇನ್ನಷ್ಟು ಕಣಗಳನ್ನ ಕರೀತವೆ. ಅಲ್ಲೇ ಸಾಯ್ತವೆ. ಒಳಗೆಲ್ಲ ಮೆತ್ತಗೆ ಕೊಳೆತ ಹಾಗಾಗುತ್ತೆ. ಇದನ್ನೇ ಉರಿಯೂತ ಅನ್ನೋದು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಕಣಗಳು ಒಂದು ಥರದ ಪ್ರೋಟೀನ್ ಬಿಡ್ತವೆ. ಅದು ಮೇಲಿನ ಪೊರೆಯನ್ನೇ ಕರಗಿಸುತ್ತೆ. ಪೊರೆ ತೆಳ್ಳಗಾಗಿ ಒಂದು ದಿನ ಒಡೆಯುತ್ತೆ. ಒಡೆದ ಕಡೆ ರಕ್ತ ಹೆಪ್ಪುಗಟ್ಟುತ್ತೆ. ಚೂರು ಕಳಚಿ ಕಣ್ಣಿಗೆ ಹೋದ್ರೆ ಪರದೆ. ಮಿದುಳಿಗೆ ಹೋದ್ರೆ..."

ಮೇಲೆ, ಎರಡನೆಯ ತಿರುವಿನಲ್ಲಿ, ಅರ್ಧ ಬಣ್ಣದ ಗೋಡೆ ಎಲ್ಲರಿಗೂ ಕಾಣುತ್ತಿತ್ತು.

"ಇಷ್ಟೆಲ್ಲ ನಿನಗೆ ಹೇಗೆ ಗೊತ್ತು?" ಎಂದ ಚಿಕ್ಕಪ್ಪ ಮೆಲ್ಲಗೆ.

"ನಾನೂ ಬಣ್ಣ ಹಚ್ಚೋಳೇ ಅಲ್ವಾ? ಶಸ್ತ್ರಚಿಕಿತ್ಸೆ ಮಾಡಿ ಕತ್ತಿನ ನಾಳದಿಂದ ತೆಗೆದದ್ದು ನಮ್ಮ ಪ್ರಯೋಗಾಲಯಕ್ಕೆ ಬರುತ್ತೆ. ಅದನ್ನ ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲಿಟ್ಟು ಬಣ್ಣ ಹಚ್ತೀವಿ. ಆ ಕಣಗಳು, ಆ ಪ್ರೋಟೀನು ಇರೋ ಕಡೆ ಮಾತ್ರ ಕಂದುಬಣ್ಣ ಹಿಡಿಯುತ್ತೆ. ಕಲ್ಲಾದ ಕೊಬ್ಬಿನ ಗಡ್ಡೆಯಲ್ಲಿ ಕಂದು ಕಡಿಮೆ. ಒಡೆದು ಅನಾಹುತ ಮಾಡಿದ್ದರಲ್ಲಿ ಎಷ್ಟೋ ಸಲ ಗಾಜೆಲ್ಲ ಕಂದು! ನಿಮ್ಮ ನಾಳ ಒಂದು ಸಲ ಚೂರು ಉದುರಿಸಿದೆ ಚಿಕ್ಕಪ್ಪ. ಇನ್ನೊಂದು ಚೂರು ಇವತ್ತೇ ಬೀಳಬಹುದು. ಅಪ್ಪನಿಗೆ ಮೊದಲು ಕಣ್ಣಿಗೆ ಹೋಯ್ತು. ಆಮೇಲೆ ಕಣ್ಣಿಗೆ ಹೋಗಲಿಲ್ಲ."

ಕಿರಿ ಮೇಸ್ತ್ರಿ ಗುಳ್ಳೆ ಎದ್ದ ಗೋಡೆಯನ್ನು ನೋಡಿದ. ಅವನ ಕೈ ತಾನಾಗಿಯೇ ಕತ್ತಿಗೆ ಹೋಯಿತು.

"ಬ್ರಷ್ಷು ತೊಳೀಬೇಕಲ್ಲ..." ಎಂದ.

"ನಿಮ್ಮ ಬ್ರಷ್ಷು ನಾನು ತೊಳೀತೀನಿ ರೀ! ಇಷ್ಟು ವರ್ಷ ಮುಟ್ಟೋಕೆ ಬಿಟ್ಟಿಲ್ಲ ನೀವು, ಇವತ್ತು ತೊಳೀತೀನಿ. ನಡೀರಿ ಮೊದಲು!" ಎಂದು ಚಿಕ್ಕಮ್ಮ ಬ್ರಷ್ಷನ್ನು ಕಿತ್ತು ಬಕೆಟ್ಟಿನ ನೀರಿಗೆ ಎಸೆದಳು. ತೊಳೆಯಲು ನಿಲ್ಲಲಿಲ್ಲ, ಅವರ ಹಿಂದೆಯೇ ಓಡಿದಳು. ಊಟದ ಡಬ್ಬಿ ಮೆಟ್ಟಿಲ ಮೇಲೆಯೇ ಉಳಿಯಿತು.

ಆಸ್ಪತ್ರೆಯಲ್ಲಿ ತುರ್ತು ವಿಭಾಗದ ವೈದ್ಯೆ ಗುಬ್ಬಿಯ ಎರಡು ಮಾತು ಕೇಳಿದ ಕೂಡಲೇ ಎದ್ದು ನಿಂತರು. ರಕ್ತದೊತ್ತಡ ನೋಡಿದರೆ ಮೇಲೇರಿ ಕುಳಿತಿತ್ತು. ತಲೆಯ ಚಿತ್ರ ತೆಗೆದರು. ದೇವರ ದಯೆ, ಮಿದುಳಿನಲ್ಲಿ ರಕ್ತ ಸೋರಿರಲಿಲ್ಲ. ಆಮೇಲೆ ಕತ್ತಿಗೆ ತಣ್ಣನೆಯ ಜೆಲ್ ಹಚ್ಚಿ ಒಂದು ಚಿಕ್ಕ ಉಪಕರಣ ಇಟ್ಟರು. ಯಂತ್ರದಿಂದ ಸದ್ದು ಬಂತು: "ಶ್ಶೂ... ಶ್ಶೂ... ಶ್ಶೂ..."

"ಅಯ್ಯೋ, ಸ್ಪ್ರೇ ಮಷೀನು!" ಎಂದ ಕಿರಿ ಮೇಸ್ತ್ರಿ ಮಲಗಿದಲ್ಲಿಂದಲೇ.

"ಅದು ನಿಮ್ಮದೇ ರಕ್ತ ಓಡೋ ಸದ್ದು" ಎಂದರು ವೈದ್ಯೆ. "ಇದು ಎಡಗಡೆ. ಈಗ ಬಲಗಡೆ ಕೇಳಿ."

ಬಲಗಡೆಯ ಸದ್ದು ಬೇರೆಯಾಗಿತ್ತು. ಕೀರಲಾಗಿ, ಸಿಳ್ಳೆಯ ಹಾಗೆ. ಕಿರಿ ಮೇಸ್ತ್ರಿಗೆ ಹೇಳಿಕೊಡಬೇಕಾಗಲಿಲ್ಲ. ಮೂತಿಯಲ್ಲಿ ಬಣ್ಣ ಕಟ್ಟಿದಾಗ ಸ್ಪ್ರೇ ಹೀಗೆಯೇ ಕೂಗುತ್ತದೆ. ಅವನ ಎದೆ ಡವಗುಟ್ಟಿತು. ಅದು ಹೆಚ್ಚಿದ ಹಾಗೆ ಯಂತ್ರದ ಸದ್ದೂ ಬಿರುಸಾಯಿತು. ಚಿಕ್ಕಮ್ಮ ದೇವರನ್ನು ನೆನೆಯುತ್ತ ಅವನ ಕಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲಿ ನೋಡಿ. ನಾಳ ಬಹಳ ಕಿರಿದಾಗಿದೆ. ಗಡ್ಡೆ ಮೆತ್ತಗಿರೋ ಹಾಗೆ ಕಾಣ್ತಿದೆ, ಮೇಲ್ಮೈ ಕೂಡ ಒರಟಾಗಿದೆ. ಇವತ್ತೇ ಬಂದದ್ದು ಬಹಳ ಒಳ್ಳೇದಾಯ್ತು" ಎಂದರು ವೈದ್ಯೆ.

"ರಕ್ತ ಪರೀಕ್ಷೆ ಮಾಡಿದ್ರೆ ಆ ಕೆಟ್ಟ ಪ್ರೋಟೀನು ಸಿಗಲ್ವಾ ಡಾಕ್ಟ್ರೇ?" ಎಂದ ಮೇಸ್ತ್ರಿ. ಗುಬ್ಬಿ ಕಲಿಸಿದ್ದು ಆಗಲೇ ನಾಲಿಗೆಯ ಮೇಲಿತ್ತು.

ವೈದ್ಯೆ ನಕ್ಕರು. "ಉರಿಯೂತ ಇದೆ ಅನ್ನೋದನ್ನ ರಕ್ತ ಹೇಳಬಹುದು. ಎಲ್ಲಿದೆ ಅಂತ ಹೇಳಲ್ಲ. ಹಲ್ಲಿನ ಹುಣ್ಣಿಗೂ ಅದು ಏರುತ್ತೆ, ಜ್ವರಕ್ಕೂ ಏರುತ್ತೆ. ಯಾವ ಗಡ್ಡೆ ಒಡೆಯುತ್ತೆ ಅಂತ ಮೊದಲೇ ಹೇಳೋ ಪ್ರೋಟೀನ್ ಯಾವುದು ಅಂತ ಇನ್ನೂ ಹುಡುಕ್ತಾ ಇದ್ದಾರೆ. ಸದ್ಯಕ್ಕೆ ನಿಮ್ಮ ಕಣ್ಣು ಹೇಳಿದ್ದೇ ದೊಡ್ಡ ಸೂಚನೆ."

"ಹಾಗಾದ್ರೆ ನನ್ನ ಕತ್ತನ್ನೂ ಒಂದ್ಸಲ ನೋಡ್ಬಿಡಿ" ಎಂದು ಚಿಕ್ಕಮ್ಮ ಕತ್ತು ಚಾಚಿದಳು.

"ಸುಮ್ಮಸುಮ್ಮನೆ ಎಲ್ಲರೂ ಕತ್ತಿನ ಸ್ಕ್ಯಾನ್ ಮಾಡಿಸೋದು ಬೇಡಮ್ಮ. ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡಿಸ್ಕೊಳ್ಳಿ, ಅದು ಬೇಕು. ಇವರು ಸಿಗರೇಟು ಸೇದ್ತಾರಾ?"

ಮೇಸ್ತ್ರಿ ಛಾವಣಿಯ ಬಣ್ಣವನ್ನು ಪರೀಕ್ಷಿಸತೊಡಗಿದ. ಚಿಕ್ಕಮ್ಮ, "ಸೇದ್ತಾ ಇದ್ರು" ಎಂದಳು. ಅವಳು ಹೇಳಿದ ರೀತಿಗೆ ಅಲ್ಲಿಗೇ ಸಿಗರೇಟು ಮುಗಿಯಿತು.

ಅದೇ ದಿನ ಔಷಧಿ ಶುರುವಾಯಿತು. ಕೆಲವೇ ದಿನಗಳಲ್ಲಿ ಕತ್ತಿನ ಶಸ್ತ್ರಚಿಕಿತ್ಸೆಯೂ ಆಯಿತು. ಒಳಗೆ ಹೋಗುವಾಗ ಅತ್ತಿಗೆ ಬಂದು ಅವನ ತಲೆಯ ಮೇಲೆ ಕೈ ಇಟ್ಟು, "ನನ್ನ ಮನೆಗೆ ಬಂದದ್ದು ನಿನ್ನ ಮನೆಗೆ ಬರದಿರಲಿ ಮಗು" ಎಂದಳು. ಹೊರಗೆ ಕಾದವರು ಯಾರೂ ನೀರು ಕುಡಿಯಲಿಲ್ಲ. ಕಡೆಗೆ ಬಾಗಿಲು ತೆರೆಯಿತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಹೆಬ್ಬೆರಳು ಎತ್ತಿ ತೋರಿಸಿದರು. ಚಿಕ್ಕಮ್ಮ ಜೋರಾಗಿ ಅತ್ತಳು, ಅದಕ್ಕಿಂತ ಜೋರಾಗಿ ನಕ್ಕಳು, ಎದುರಿಗೆ ಬಂದ ಯಾರದೋ ನೆಂಟರನ್ನೂ ತಬ್ಬಿಕೊಂಡಳು.

ತೆಗೆದ ಗಡ್ಡೆ ಗುಬ್ಬಿಯ ಪ್ರಯೋಗಾಲಯಕ್ಕೇ ಬಂತು. ಚಿಕ್ಕಪ್ಪನ ಒಪ್ಪಿಗೆ ಪಡೆದು, ಚಿತ್ರವನ್ನು ಅವನ ಹಾಸಿಗೆಯ ಬಳಿಗೆ ತಂದಳು. ನೀಲಿ ಚುಕ್ಕೆಗಳ ನಡುವೆ ಎಲ್ಲೆಲ್ಲೂ ಕಂದು. ಮೇಲಿನ ಪೊರೆ ಒಂದು ಕಡೆ ಕೂದಲೆಳೆಯಷ್ಟು ಸಣ್ಣ, ಇನ್ನೊಂದು ಕಡೆ ಹರಿದೇ ಹೋಗಿತ್ತು. ಕಿರಿ ಮೇಸ್ತ್ರಿ ಎರಡು ಕಣ್ಣೂ ಅಗಲಿಸಿ ಬಹಳ ಹೊತ್ತು ನೋಡಿದ.

"ಥೂ, ಎಂಥ ಕೆಟ್ಟ ಗಾರೆ ಕೆಲಸ!" ಎಂದ. "ಇದು ಇನ್ನೊಂದು ವಾರ ನಿಲ್ತಿರಲಿಲ್ಲ ಬಿಡು." ಆಮೇಲೆ ದನಿ ತಗ್ಗಿಸಿ, "ಬಣ್ಣ ಚೆನ್ನಾಗಿ ಹಚ್ಚಿದ್ದೀಯ ಮಗಳೇ. ನಿಮ್ಮಪ್ಪ ನೋಡಬೇಕಿತ್ತು" ಎಂದ.

ಗುಬ್ಬಿ ಅವನ ಮಂಚದ ಅಂಚಿಗೆ ತಲೆ ಒರಗಿಸಿ, ಅಪ್ಪ ಹೋದ ಮೇಲೆ ಮೊದಲ ಸಲ ಮನಸಾರೆ ಅತ್ತಳು.

ಕತ್ತಿನ ಗಾಯ ಮಾಗಿತು. ಕಿರಿ ಮೇಸ್ತ್ರಿಗೆ ಈಗ ಒಂದೇ ಹುಚ್ಚು. ಚಹಾದಂಗಡಿಯಲ್ಲಿ ಬಣ್ಣದವರು, ಗಾರೆಯವರು, ಬಡಗಿಗಳು ಯಾರು ಸಿಕ್ಕಿದರೂ ಸರಿ, ಅಂಗಿಯ ಕಾಲರ್ ಸರಿಸಿ ಕತ್ತಿನ ಗುರುತು ತೋರಿಸುತ್ತಾನೆ. "ತಿನ್ನರ್ ಅಂದ್ರೆ ಹಲ್ಲು ಮುರೀತೀನಿ! ಒಂದು ಕಣ್ಣಿಗೆ ಪರದೆ ಇಳಿದ್ರೆ ಮುಖ ತೊಳೀಬೇಡ್ರೋ, ಆಸ್ಪತ್ರೆಗೆ ಓಡ್ರೋ!" ಎನ್ನುತ್ತಾನೆ. ಜನ ನಗುತ್ತಾರೆ. ನಕ್ಕವರಲ್ಲಿ ಇಬ್ಬರು ಮೂವರು ಹೋಗಿ ರಕ್ತದೊತ್ತಡ ನೋಡಿಸಿಕೊಂಡು ಬಂದಿದ್ದಾರೆ.

ವೈದ್ಯೆ ಒಪ್ಪಿದ ಮೇಲೆ ಒಂದು ಬೆಳಗ್ಗೆ ಅವನು ಶಾಲೆಯ ಮೆಟ್ಟಿಲಿಗೆ ಮರಳಿದ. ಸೊಟ್ಟ ಗೆರೆಯನ್ನು ಮೊದಲು ತಿದ್ದಿದ. ಆಮೇಲೆ ಎರಡನೆಯ ತಿರುವಿಗೆ ಹತ್ತಿದ. ಒಣಗಿದ ಅಂಚಿಗೆ ಹೊಸ ಬಣ್ಣ ಸೇರಿಸಿದರೆ ಸೇರಿದ ಜಾಗದ ಗುರುತು, ಅಂದರೆ ಜೋಡು, ಕಾಣುತ್ತದೆ. ಕಾಣಬಾರದೆಂದಿದ್ದರೆ ಇಡೀ ಗೋಡೆಗೆ ಹೊಸದಾಗಿ ಬಳಿಯಬೇಕು. ಹಾಗೆ ಬಳಿದರೆ ಅಣ್ಣನ ಕೈ ಮುಚ್ಚಿಹೋಗುತ್ತದೆ. ಜೋಡು ಕಾಣುವ ಗೋಡೆಯನ್ನು ಅವನು ಎಂದೂ ಯಾರಿಗೂ ಒಪ್ಪಿಸಿದವನಲ್ಲ. ಆ ದಿನ ಅಣ್ಣ ನಿಲ್ಲಿಸಿದಲ್ಲಿಂದ ಬಣ್ಣ ಹಚ್ಚುತ್ತ ಹೋದ. ಬೆರಳು ಚಾಚಿದ ಆ ಎಳೆಗಳು ಅಲ್ಲೇ ಉಳಿದವು.

ಮುಖ್ಯ ಶಿಕ್ಷಕಿ ಬಂದು ನೋಡಿದರು. "ಮೇಸ್ತ್ರಿ, ಇಲ್ಲಿ ಸ್ವಲ್ಪ ಗುರುತು..." ಎಂದು ಶುರುಮಾಡಿದವರು ಅವನ ಮುಖ ನೋಡಿ, "ಇರಲಿ ಬಿಡಿ. ಚೆನ್ನಾಗಿದೆ" ಎಂದು ಗೋಡೆಯನ್ನು ಮೆಲ್ಲಗೆ ಸವರಿ ಹೋದರು.

ಓದುವ, ಕೇಳುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿಯೂ ಹೀಗೊಂದು ತಿನ್ನರ್ ಇರುತ್ತದೆ. ಬಿಸಿಲು ಎನ್ನುತ್ತೀರಿ, ಪಿತ್ತ ಎನ್ನುತ್ತೀರಿ, ನಿದ್ದೆಗೇಡು ಎನ್ನುತ್ತೀರಿ. ಒಂದು ಕಣ್ಣಿಗೆ ಇದ್ದಕ್ಕಿದ್ದಂತೆ ಕತ್ತಲೆ ಕವಿದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಅದು ಗಳಿಗೆಯೊಳಗೆ ಸರಿಹೋದರೂ ಸುಮ್ಮನಿರಬೇಡಿ. ಸರಿಹೋದದ್ದು ವಾಸಿಯಾದದ್ದಲ್ಲ, ಎಚ್ಚರಿಸಿ ಹೋದದ್ದು. ಕೆಲಸ ಅಲ್ಲೇ ಬಿಡಿ. ಯಾರದೋ ಮಾತ್ರೆ ನುಂಗಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಹೊರಡದವರನ್ನು ಎಳೆದುಕೊಂಡು ಹೋಗಿ. ತಂಬಾಕು ಬಿಡಿ. ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಆಗಾಗ ನೋಡಿಸಿಕೊಳ್ಳಿ. ಗೋಡೆ ನಾಳೆಯೂ ಇರುತ್ತದೆ, ಬಣ್ಣ ನಾಳೆಯೂ ಸಿಗುತ್ತದೆ.

ಇನ್ನು, ಮೆಟ್ಟಿಲ ಬಳಿ ಬಣ್ಣ ಕಲಸುತ್ತ ಕುಳಿತಲ್ಲಿಂದಲೇ ನಿನ್ನ ಕಡೆಗೆ ಹೊರಟ ಆ ಹಿರಿಯ ಜೀವಕ್ಕೆ, ಭಗವಂತನೇ, ನಿನ್ನ ನೆರಳಿನಲ್ಲಿ ಜಾಗ ಕೊಡು. ಅವನು ಜೀವಮಾನವೆಲ್ಲ ಬೇರೆಯವರ ಮನೆಗಳನ್ನು ಬೆಳಗಿಸಿದ. ಅವನು ಕಂಡ ಕೊನೆಯ ಕತ್ತಲೆ ಉಳಿದವರಿಗೆ ಬೆಳಕಾಗಲಿ. ಅವನ ಆತ್ಮಕ್ಕೆ ಶಾಂತಿ ಸಿಗಲಿ.